ಅಲಾಸ್ಕಾದ ‘ಕುಡುಕ ಕಾಡು’: ಬುಡದಲ್ಲೇ ಕರಗುತ್ತಿದೆ ನೆಲ

ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಪಟ್ಟಣದ ಸುತ್ತಮುತ್ತ ಹಲವೆಡೆ ಮರಗಳು ನೆಟ್ಟಗೆ ನಿಂತಿಲ್ಲ. ಒಂದು ಎಡಕ್ಕೆ, ಮತ್ತೊಂದು ಬಲಕ್ಕೆ ವಾಲಿರುವ ಇಂತಹ ತಾಣಗಳಿಗೆ ‘ಕುಡುಕ ಕಾಡು’ ಎಂಬ ಹೆಸರೇ ಬಿದ್ದಿದೆ. ದೋಷವಿರುವುದು ಬುಡದ ನೆಲದಲ್ಲಿ.

ಕನಿಷ್ಠ ಎರಡು ವರ್ಷ ಸತತವಾಗಿ ಶೂನ್ಯ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿರುವ ನೆಲವನ್ನು ವಿಜ್ಞಾನಿಗಳು ಪರ್ಮಾಫ್ರಾಸ್ಟ್ ಎಂದು ಕರೆಯುತ್ತಾರೆ. ಬೇಸಿಗೆಯಲ್ಲಿ ಕರಗುವುದು ಅದರ ಮೇಲಿನ ತೆಳುಪದರ ಮಾತ್ರ. ಕಪ್ಪು ಸ್ಪ್ರೂಸ್ ಮರದ ಬೇರುಗಳು ಹರಡಿಕೊಳ್ಳುವುದೂ ಅಲ್ಲಿಯೇ. ಹಲವೆಡೆ ಅದರಡಿ ಬೆಣೆಯಾಕಾರದ ಹಿಮಗಡ್ಡೆಗಳಿವೆ. ತಾಪ ಏರಿದಂತೆ ಅವು ಕರಗಿ ನೆಲ ಕುಸಿಯುತ್ತದೆ, ಮರ ವಾಲುತ್ತದೆ. ತಗ್ಗಿನಲ್ಲಿ ನೀರು ನಿಂತರಂತೂ ಬೇರುಗಳು ಉಸಿರುಗಟ್ಟಿ ಸಾಯುತ್ತವೆ. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ಸ್ಕಾಟಿ ಕ್ರೀಕ್‌ನಲ್ಲಿ ಸ್ಪ್ರೂಸ್ ಕಾಡು ಹೀಗೆಯೇ ಮರಗಳಿಲ್ಲದ ಜೌಗು ಪ್ರದೇಶವಾಗುತ್ತಿದೆ. ಇದನ್ನು ಅಧ್ಯಯನ ಮಾಡುತ್ತಿದ್ದ ಅಲ್ಲಿನ ಸಂಶೋಧನಾ ಕೇಂದ್ರವೇ 2022ರ ಅಕ್ಟೋಬರ್‌ನಲ್ಲಿ ಕಾಳ್ಗಿಚ್ಚಿಗೆ ತುತ್ತಾಯಿತು. ಅಕ್ಟೋಬರ್ ಎಂದರೆ ಅಲ್ಲಿ ಹಿಮ ಬೀಳಬೇಕಾದ ಕಾಲ!

ನೆಲಕ್ಕೂ ಕಾಡಿನ ಆಸರೆ ಬೇಕು. ಮರಗಳ ನೆರಳು, ಹಾವಸೆಯ ಹೊದಿಕೆ ಅದನ್ನು ತಂಪಾಗಿಡುತ್ತವೆ. ಸೈಬೀರಿಯಾದ ಯಾಕುತಿಯಾದಲ್ಲಿ 1960ರ ದಶಕದಲ್ಲಿ ಕಾಡು ಕಡಿದಿದ್ದ ಜಾಗವೊಂದು ಕುಸಿಯುತ್ತಾ ಹೋಗಿ, ಇಂದು ಸುಮಾರು ಒಂದು ಕಿಲೋಮೀಟರ್ ಉದ್ದದ ಬಟಗೈಕಾ ಕಂದಕವಾಗಿದೆ. ಈಗಲೂ ಹಿಗ್ಗುತ್ತಲೇ ಇದೆ.

ಉತ್ತರದ ಇಂತಹ ನೆಲಗಳಲ್ಲಿ ಹುದುಗಿರುವ ಇಂಗಾಲ ಅಂದಾಜು 1.5 ಲಕ್ಷ ಕೋಟಿ ಟನ್, ವಾತಾವರಣದಲ್ಲಿರುವುದರ ಹೆಚ್ಚುಕಡಿಮೆ ಎರಡು ಪಟ್ಟು. ಮಣ್ಣು ಕರಗಿದಲ್ಲಿ ಸೂಕ್ಷ್ಮಾಣುಜೀವಿಗಳು ಅದನ್ನು ಕೊಳೆಸತೊಡಗುತ್ತವೆ: ಒಣನೆಲದಲ್ಲಾದರೆ ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್, ಜೌಗಿನಲ್ಲಾದರೆ ಅದರ ಜೊತೆಗೆ ಮೀಥೇನ್ ಕೂಡ ಹೊರಬರುತ್ತದೆ.