ಕಾನಕಾನಹಳ್ಳಿಯ ದಾರಿ

ಬನಶಂಕರಿ ದೇವಸ್ಥಾನದಿಂದ ಮುಂದೆ ಕೋಣನಕುಂಟೆ, ತಲಘಟ್ಟಪುರ, ಕಗ್ಗಲೀಪುರ, ಹಾರೋಹಳ್ಳಿಗಳನ್ನು ದಾಟಿ ಕನಕಪುರವನ್ನೂ ಅಲ್ಲಿಂದ ಕಾವೇರಿ ಮತ್ತು ಅರ್ಕಾವತಿಗಳ ಸಂಗಮವನ್ನೂ ಮುಟ್ಟುವ ದಾರಿಯು ಜಯನಗರ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ನಿವಾಸಿಗಳ ಪಾಲಿಗೆ ಇಂದು ವಾರಾಂತ್ಯದ ವಿಹಾರದ ದಾರಿಯಾಗಿದೆ. ಯಾವ ಹೆಬ್ಬಂಡೆ, ಕುರುಚಲು ಕಾಡು, ಹಳ್ಳಕೊರಕಲುಗಳನ್ನು ಅರಸಿ ಜನರು ಡೇರೆ, ಒಲೆ, ನೀರಿನ ಕ್ಯಾನುಗಳನ್ನು ಜೀಪಿಗೆ ಹೇರಿಕೊಂಡು ಹೊರಡುತ್ತಾರೋ, ಅವುಗಳ ದೆಸೆಯಿಂದಲೇ ಹಿಂದಿನ ಪಯಣಿಗರು ಈ ದಾರಿಯನ್ನು ಆದಷ್ಟು ತಪ್ಪಿಸಿ, ರಾಮಗಿರಿ ಮತ್ತು ಚನ್ನಪಟ್ಟಣಗಳ ಮೇಲೆ ಹಾಯುವ ಮೈಸೂರು ದಾರಿಯನ್ನೇ ಹಿಡಿಯುತ್ತಿದ್ದರು.

ಆ ಕಾಲದ ಪಯಣದ ಲೆಕ್ಕಾಚಾರಕ್ಕೆ ಮಜಲು, ಅಂದರೆ ಹೇರೆತ್ತುಗಳು ಒಂದು ದಿನದಲ್ಲಿ ಬಳಲದೆ ನಡೆಯಬಲ್ಲ ದೂರ, ಆಧಾರವಾಗಿತ್ತು. ಆದರೆ ಆ ದೂರವನ್ನು ನಿಜವಾಗಿ ತೀರ್ಮಾನಿಸುತ್ತಿದ್ದುದು ಮುಂದಿನ ಕೆರೆ ಎಲ್ಲಿದೆ, ಮೇವು ಎಲ್ಲಿ ಸಿಗುತ್ತದೆ ಎಂಬುದೇ. ಊರ ಹೊರಗೆ ಮಾವು, ಹುಣಿಸೆ, ಹಿಪ್ಪೆ ಮರಗಳನ್ನು ಒತ್ತಾಗಿ ಬೆಳೆಸಿದ ಗುಂಡುತೋಪುಗಳು ದಾರಿಹೋಕರ ಬಿಡಾರಕ್ಕೆ ನೆರಳಾಗುತ್ತಿದ್ದವು. ಬೇಸಿಗೆಯಲ್ಲಿ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆಗಳೂ ಅನ್ನ ಮತ್ತು ತಂಗುದಾಣಗಳನ್ನು ಒದಗಿಸುವ ಛತ್ರಗಳೂ ಧರ್ಮಕಾರ್ಯವಾಗಿ ನಡೆಯುತ್ತಿದ್ದವು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿಯನ್ನು ಕಲಸಿ ಮಾಡಿದ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಅಡಿಗೆ ತೂಗುಹಾಕದೆ ಗಾಡಿಗಾರನು ದೂರದ ಪಯಣಕ್ಕೆ ಹೊರಡುತ್ತಿರಲಿಲ್ಲ, ಏಕೆಂದರೆ ಒಣಗಿದ ಅಚ್ಚು ಕಲ್ಲುದಾರಿಯಲ್ಲಿ ಬಿಸಿಯೇರಿ ಸವೆದುಹೋಗುತ್ತಿತ್ತು.

ಇಂಥ ಲೆಕ್ಕ ತಪ್ಪಿದಾಗ ಆಗುವ ಅನಾಹುತಕ್ಕೆ 1791ರ ದಂಡಯಾತ್ರೆಗಿಂತ ದೊಡ್ಡ ನಿದರ್ಶನ ಈ ದಾರಿಯಲ್ಲಿ ಇನ್ನೊಂದಿಲ್ಲ. ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದಿದ್ದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್, ಟಿಪ್ಪು ಸುಲ್ತಾನನು ಮೈಸೂರು ದಾರಿಯಲ್ಲಿ ತನ್ನನ್ನು ಎದುರುನೋಡುತ್ತಿದ್ದಾನೆಂದು ತಿಳಿದು, ಮೇ ತಿಂಗಳ ಮೊದಲ ವಾರದಲ್ಲಿ ಕಾನಕಾನಹಳ್ಳಿಯ (ಇಂದಿನ ಕನಕಪುರದ) ಒಳದಾರಿಯಿಂದ ಶ್ರೀರಂಗಪಟ್ಟಣದತ್ತ ಹೊರಟನು. ಯುದ್ಧತಂತ್ರವಾಗಿ ಇದು ಜಾಣತನವೇ ಆಗಿದ್ದರೂ ಎತ್ತುಗಳ ದೃಷ್ಟಿಯಿಂದ ತಪ್ಪು ನಿರ್ಧಾರವಾಗಿತ್ತು: ದಾರಿ ಕಡಿದಾಗಿತ್ತು, ಶತ್ರುವಿಗೆ ಏನೂ ದಕ್ಕಬಾರದೆಂದು ಸುಲ್ತಾನನ ಕಡೆಯವರು ಊರುಗಳನ್ನೂ ಮೇವನ್ನೂ ಮೊದಲೇ ನಾಶಪಡಿಸಿದ್ದರು, ಮಳೆಯೂ ಬೇಗನೆ ಹಿಡಿದುಕೊಂಡಿತು. ಅರಕೆರೆಯ ಬಳಿ ಕಾವೇರಿ ತುಂಬಿ ಹರಿಯುತ್ತಿದ್ದುದರಿಂದ ಹೊಳೆ ದಾಟಲಾಗಲಿಲ್ಲ. ಮೇ 15ರ ಕಾಳಗದಲ್ಲಿ ಗೆಲುವು ದೊರೆತರೂ ದಂಡಿನ ಎತ್ತುಗಳು ಹಸಿವು ಮತ್ತು ರೋಗದಿಂದ ಸಾವಿರ ಸಾವಿರವಾಗಿ ಸತ್ತಿದ್ದವು. ಎಳೆಯುವವರೇ ಇಲ್ಲದ ಭಾರಿ ಫಿರಂಗಿಗಳನ್ನು ಮುಂದೆ ಕೃಷ್ಣರಾಜಸಾಗರ ಕಟ್ಟೆ ಎದ್ದ ಕಣ್ಣಂಬಾಡಿಯ ಆಸುಪಾಸಿನಲ್ಲಿ ತಾನೇ ಒಡೆದುಹಾಕಿ ಸೇನೆಯು ಹಿಂದಿರುಗಿತು. ಮುಂದಿನ ದಂಡಯಾತ್ರೆಯಲ್ಲಿ ಕಾರ್ನ್‌ವಾಲಿಸ್ ಈ ದಾರಿಯ ಗೊಡವೆಗೆ ಹೋಗಲಿಲ್ಲ. ಡಿಸೆಂಬರ್ 21ರಂದು ಸಾವನದುರ್ಗವನ್ನು ಗೆದ್ದು, ಸಾವಿರಾರು ಹೇರೆತ್ತುಗಳ ಮೇಲೆ ದವಸ ಸಾಗಿಸುವ ಲಂಬಾಣಿಗಳ ನೆರವು ಪಡೆದು, ಹುಲಿಯೂರುದುರ್ಗದ ಕಡೆಯಿಂದ ನಡೆದನು.

ಆದರೆ ಈ ಸೀಮೆಗೆ ನೋಡತಕ್ಕ ನಾಡೆಂಬ ಹೆಸರು ಮೊದಲು ಬಂದದ್ದೂ ಈ ಯುದ್ಧದಿಂದಲೇ. ದಂಡಿನ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಮತ್ತು ಸೇನಾಧಿಕಾರಿ ಅಲೆಗ್ಸಾಂಡರ್ ಅಲನ್ ಮೈಸೂರು ಸೀಮೆಯ ಬೆಟ್ಟದುರ್ಗಗಳ ಚಿತ್ರಸಂಪುಟಗಳನ್ನು 1794ರಲ್ಲಿ ಹೊರತಂದರು. ಭೂಮಾಪಕ ರಾಬರ್ಟ್ ಕೋಲ್‌ಬ್ರೂಕ್ ಕೂಡ ಇಂಥದೇ ಒಂದು ಸಂಪುಟವನ್ನು ಸಿದ್ಧಪಡಿಸಿದನು. ಎತ್ತುಗಳಿಗೆ ಮೃತ್ಯುವಾಗಿದ್ದ ಬಂಡೆಗಳು ಲಂಡನ್ನಿನ ಓದುಗರಿಗೆ ರಮ್ಯವಾಗಿ ಕಂಡದ್ದು ವಿಚಿತ್ರವಾದರೂ, ಪ್ರಕೃತಿ ವಿಹಾರವೆಂಬ ಅಭಿರುಚಿ ಹಲವೆಡೆ ಹೀಗೆಯೇ, ನಡೆಯುವ ಕಷ್ಟ ಇಲ್ಲದವರ ಕಣ್ಣಿನಲ್ಲಿ ಹುಟ್ಟಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ದಾರಿಗಳ ನಡುವಣ ಅಂತರ ಇನ್ನಷ್ಟು ಹೆಚ್ಚಿತು. 1880ರ ದಶಕದ ಆರಂಭದಲ್ಲಿ ಮೈಸೂರಿಗೆ ಹೋದ ರೈಲು ಚನ್ನಪಟ್ಟಣದ ಕಡೆಯನ್ನೇ ಆರಿಸಿಕೊಂಡಿದ್ದರಿಂದ ಕಾನಕಾನಹಳ್ಳಿಯು ಗಾಡಿಗಳ ಊರಾಗಿಯೇ ಉಳಿಯಿತು. ಅಲ್ಲಿಗೆ ರೈಲು ಬರದಿದ್ದರೂ ವಿದ್ಯುತ್ ತಂತಿ ಬಂದದ್ದು ಸ್ವಾರಸ್ಯದ ಸಂಗತಿ: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ಎಳೆದ ತಂತಿಯು ಈ ಊರಿನ ಮೇಲೆಯೇ ಹಾದುಹೋಯಿತು.

1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದ ಮೇಲೆ ನಗರವು ದಕ್ಷಿಣಕ್ಕೆ ಬೆಳೆದು, ಸಾರಕ್ಕಿಯಂಥ ಹಳ್ಳಿಗಳು ಬಡಾವಣೆಗಳ ನಡುವೆ ಸೇರಿಹೋದವು. 2021ರ ಜನವರಿಯಲ್ಲಿ ಮೆಟ್ರೋ ರೈಲು ಇದೇ ರಸ್ತೆಯ ಮೇಲೆ ರೇಷ್ಮೆ ಸಂಸ್ಥೆಯವರೆಗೆ ಸಾಗಿತು. ಅಷ್ಟಾದರೂ ಸಂಗಮದಲ್ಲಿ ಮೇಕೆದಾಟಿಗೆ ಹೋಗಬೇಕಾದವರು ಇಂದಿಗೂ ವಾಹನವನ್ನು ಈಚೆ ದಡದಲ್ಲಿ ಬಿಟ್ಟು, ಬಿದಿರಿನ ಹೆಣಿಗೆಗೆ ಹೊದಿಕೆ ಬಿಗಿದ ಹರಿಗೋಲಿನಲ್ಲಿ, ನೀರು ತಗ್ಗಿದ್ದರೆ ನಡೆದೇ, ಅರ್ಕಾವತಿಯನ್ನು ದಾಟಬೇಕು. ನಾಲ್ಕು ಗಾಲಿಗಳಿಗೂ ಬಲ ಹರಿಸುವ ಹೊಸ ಜೀಪೂ ಅಲ್ಲಿ ಎತ್ತಿನ ಗಾಡಿಯಂತೆಯೇ ನಿಲ್ಲುತ್ತದೆ.

ಬಿಡಾರದ ನಿಯಮಗಳು ಮಾತ್ರ ಪೂರ್ತಿ ಬದಲಾಗಿವೆ. ಮೇವು ಮತ್ತು ನೀರಿನ ಚಿಂತೆಯ ಜಾಗದಲ್ಲಿ ಈಗ ಅನುಮತಿಯ ಚಿಂತೆ ಬಂದಿದೆ: 1987ರಲ್ಲಿ ಕಾವೇರಿ ವನ್ಯಜೀವಿಧಾಮವು ಘೋಷಣೆಯಾದ ಬಳಿಕ ಹೊಳೆದಂಡೆಯಲ್ಲಿ ಬೇಕಾದಲ್ಲಿ ಡೇರೆ ಹೊಡೆಯುವುದಾಗಲಿ, ಕಾಡಿನೊಳಗೆ ಜೀಪು ನುಗ್ಗಿಸುವುದಾಗಲಿ ಅಪರಾಧವಾಗಿದ್ದು, ರಾತ್ರಿ ತಂಗುವವರು ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಭೀಮೇಶ್ವರಿ ಶಿಬಿರದಂಥ ಗೊತ್ತಾದ ತಾಣಗಳನ್ನೇ ಮುಂಗಡವಾಗಿ ಕಾದಿರಿಸಬೇಕಾಗುತ್ತದೆ. ಮಹಸೀರ್ ಮೀನಿನ ಗಾಳದ ಆಟದಿಂದ ಹೊರದೇಶಗಳಲ್ಲೂ ಹೆಸರಾಗಿದ್ದ ಆ ಶಿಬಿರದಲ್ಲಿ ವನ್ಯಜೀವಿ ಕಾಯ್ದೆಯ ಕಾರಣ ಗಾಳ ಹಾಕುವುದೂ ನಿಂತಿತು. ಕರ್ನಾಟಕ ಸರ್ಕಾರವು 2019ರಲ್ಲಿ ಕೇಂದ್ರಕ್ಕೆ ಸಲ್ಲಿಸಿದ ವಿಸ್ತೃತ ವರದಿಯಂತೆ ಮೇಕೆದಾಟಿನ ಬಳಿ 67.16 ಟಿಎಂಸಿ ಸಾಮರ್ಥ್ಯದ ಜಲಾಶಯವು ನಿರ್ಮಾಣವಾದರೆ, ಹರಿಗೋಲಿನ ಆ ಕಡವು ಮತ್ತು ಅದರ ಸುತ್ತಣ ಕಾಡು ಹಿನ್ನೀರಿನಡಿ ಸೇರುತ್ತವೆ.