ಫ್ಲೈಟ್ ಸಿಮ್ಯುಲೇಟರ್‌ಗಳಲ್ಲಿ ಐಎಲ್‌ಎಸ್ ಸಿಗ್ನಲ್ ನಷ್ಟ: ಚರಿತ್ರೆ

ಮಂಜು, ಮಳೆ, ಕತ್ತಲೆಯಲ್ಲಿ ರನ್‌ವೇ ಕಾಣದಿದ್ದಾಗ ರೇಡಿಯೊ ಅಲೆಗಳನ್ನೇ ನಂಬಿ ವಿಮಾನ ಇಳಿಸುವ ಏರ್ಪಾಟಿಗೆ ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಂ, ಚಿಕ್ಕದಾಗಿ ಐಎಲ್‌ಎಸ್, ಎಂದು ಹೆಸರು. ಆ ಅಲೆ ನಡುದಾರಿಯಲ್ಲಿ ಕೈಕೊಟ್ಟರೆ ಪೈಲಟ್ ಏನು ಮಾಡಬೇಕೆಂಬುದನ್ನು ಸಿಮ್ಯುಲೇಟರ್‌ಗಳು ಕಲಿಸುತ್ತವೆ. ಕೆಲವೊಮ್ಮೆ, ಕಲಿಸುವ ಉದ್ದೇಶವಿಲ್ಲದೆಯೂ, ಅವು ಸಿಗ್ನಲ್ ಕಳೆದುಕೊಳ್ಳುತ್ತವೆ.

ಐಎಲ್‌ಎಸ್‌ಗೆ ಮುಖ್ಯವಾಗಿ ಎರಡು ಅಂಗ. ರನ್‌ವೇಯ ಆಚೆ ತುದಿಯ ಲೋಕಲೈಸರ್ 108ರಿಂದ 112 ಮೆಗಾಹರ್ಟ್ಸ್ ನಡುವಿನ ತರಂಗದಲ್ಲಿ ಎಡ-ಬಲ ಹೇಳುತ್ತದೆ. ಪಕ್ಕದಲ್ಲಿರುವ ಗ್ಲೈಡ್ ಸ್ಲೋಪ್ 329ರಿಂದ 335 ಮೆಗಾಹರ್ಟ್ಸ್ ನಡುವೆ ಇಳಿಜಾರು ಹೇಳುತ್ತದೆ. ಈ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ಎರಡೂ ತರಂಗಗಳ ಮೇಲೆ 90 ಹಾಗೂ 150 ಹರ್ಟ್ಸ್‌ನ ಎರಡು ಸ್ವರಗಳಿರುತ್ತವೆ. ಒಂದರ ಬಲ ಹೆಚ್ಚಾದರೆ ಕಾಕ್‌ಪಿಟ್‌ನ ಮುಳ್ಳು ಒಂದು ಕಡೆಗೆ ವಾಲುತ್ತದೆ, ಎರಡೂ ಸಮವಾದರೆ ನಟ್ಟನಡುವೆ ನಿಲ್ಲುತ್ತದೆ. ತೊಡಕು ಇರುವುದೇ ಇಲ್ಲಿ. ಎರಡೂ ಸ್ವರಗಳು ಇಲ್ಲದಿದ್ದರೂ ಹಳೆಯ ಮಾದರಿಯ ಮುಳ್ಳು ನಡುವೆಯೇ ನಿಲ್ಲುತ್ತದೆ! ದಾರಿ ಸರಿಯಿದೆ ಎನ್ನುವ ಮುಳ್ಳಿಗೂ ಸತ್ತ ಮುಳ್ಳಿಗೂ ಕಣ್ಣಿಗೆ ವ್ಯತ್ಯಾಸವಿಲ್ಲ. ಮುಳ್ಳನ್ನು ನಂಬಬೇಡ ಎಂದು ಹೇಳಲು ಕೆಂಪು ಬಾವುಟವೊಂದನ್ನು ಉಪಕರಣದೊಳಗೇ ಇಡಬೇಕಾಯಿತು.

ಸಿಮ್ಯುಲೇಟರ್ ಹುಟ್ಟಿದ್ದು ಐಎಲ್‌ಎಸ್‌ಗಿಂತ ಮೊದಲು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಆರ್ಗನ್ನಿಗೆ ಗಾಳಿಯೂಡುವ ತಿದಿಗಳನ್ನೇ ಬಳಸಿಕೊಂಡು ಲಿಂಕ್ 1929ರಲ್ಲಿ ವಾಲುವ, ತಿರುಗುವ ಪುಟ್ಟ ಮರದ ವಿಮಾನ ಕಟ್ಟಿದ. ಮೊದಲು ಅದನ್ನು ಕೊಂಡವರು ಹೆಚ್ಚಾಗಿ ಮನರಂಜನಾ ಪಾರ್ಕಿನವರು. 1934ರಲ್ಲಿ ಅಮೆರಿಕದ ಸೇನೆ ವಿಮಾನ ಅಂಚೆಯ ಹೊಣೆ ಹೊತ್ತು, ಕೆಟ್ಟ ಹವೆಯಲ್ಲಿ ಪೈಲಟ್‌ಗಳು ಸಾಲಾಗಿ ಸತ್ತ ಮೇಲೆ, ಈ ಆಟಿಕೆಯ ಬೆಲೆ ತಿಳಿಯಿತು. ಅದೇ ವರ್ಷ ಸೇನೆ ಆರು ಯಂತ್ರ ಕೊಂಡಿತು.

ಲಿಂಕ್ ಯಂತ್ರದ ಮುಚ್ಚಳ ಹಾಕಿದರೆ ಒಳಗಿನವನಿಗೆ ಮೀಟರ್‌ಗಳ ಹೊರತು ಏನೂ ಕಾಣದು. ಹೊರಗೆ ಮೇಜಿನ ಮುಂದೆ ಶಿಕ್ಷಕ ಕೂತಿರುತ್ತಿದ್ದ. ಮೇಜಿನ ನಕ್ಷೆಯ ಮೇಲೆ ಮೂರು ಚಕ್ರದ ಒಂದು ಸಾಧನ ಮಸಿಗೆರೆ ಎಳೆಯುತ್ತ, ಶಿಷ್ಯ ‘ಹಾರಿದ’ ದಾರಿಯನ್ನು ಗುರುತಿಸುತ್ತಿತ್ತು. ಅದನ್ನು ಏಡಿ ಎಂದೇ ಕರೆಯುತ್ತಿದ್ದರು. ಆಗಿನ ದಾರಿದೀಪ ಕಿವಿಗೆ ಕೇಳುವ ರೇಡಿಯೊ ರೇಂಜ್: ಒಂದು ಕಡೆ ಮೋರ್ಸ್‌ನ ‘ಎ’, ಇನ್ನೊಂದು ಕಡೆ ‘ಎನ್’, ಸರಿದಾರಿಯಲ್ಲಿ ಎರಡೂ ಬೆರೆತು ಎಡೆಬಿಡದ ಒಂದೇ ಸ್ವರ. ಕೇಂದ್ರದ ನೆತ್ತಿಯ ಮೇಲೆ ಬಂದಾಗ ಸದ್ದು ಅಡಗುತ್ತಿತ್ತು. ಅಂದರೆ ಆ ಕಾಲಕ್ಕೆ ಸಿಗ್ನಲ್ ಇಲ್ಲವಾಗುವುದೂ ಒಂದು ಸುದ್ದಿಯೇ, ಕೇಂದ್ರ ತಲುಪಿದಿರಿ ಎಂಬ ಸುದ್ದಿ. ಶಿಕ್ಷಕ ಏಡಿಯ ಮೇಲೆ ಕಣ್ಣಿಟ್ಟು ಗುಂಡಿ ತಿರುವಿ ಸದ್ದನ್ನು ಏರಿಳಿಸುತ್ತಿದ್ದ. ಸಿಮ್ಯುಲೇಟರಿನ ಮೊದಲ ಸಿಗ್ನಲ್ ನಷ್ಟ ಹೀಗೆ ಮನುಷ್ಯನ ಬೆರಳ ತುದಿಯಲ್ಲಿತ್ತು.

ನಿಗದಿತ ಪ್ರಯಾಣಿಕ ವಿಮಾನವೊಂದು ಐಎಲ್‌ಎಸ್ ನೆರವಿನಿಂದ ಮೊದಲ ಬಾರಿಗೆ ಇಳಿದದ್ದು 1938ರ ಜನವರಿ 26ರಂದು, ಹಿಮ ಬೀಳುತ್ತಿದ್ದ ಪಿಟ್ಸ್‌ಬರ್ಗ್‌ನಲ್ಲಿ. ಯುದ್ಧಾನಂತರ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಸಿಮ್ಯುಲೇಟರಿಗೆ ಕಂಪ್ಯೂಟರ್ ಬಂದ ಮೇಲೆ ಶಿಕ್ಷಕನ ಗುಂಡಿಯ ಜಾಗದಲ್ಲಿ ಲೆಕ್ಕ ಕೂತಿತು. ಸಿಮ್ಯುಲೇಟರಿನಲ್ಲಿ ಆಂಟೆನಾ ಇಲ್ಲ, ಅಲೆಯೂ ಇಲ್ಲ. ವಿಮಾನದ ಸ್ಥಾನ, ರನ್‌ವೇಯ ಸ್ಥಾನ, ನಡುವಿನ ಕೋನ, ಅಷ್ಟೇ. ಲೋಕಲೈಸರ್ ನಡುಗೆರೆಯಿಂದ 10 ಡಿಗ್ರಿಯೊಳಗೆ 25 ನಾಟಿಕಲ್ ಮೈಲಿವರೆಗೆ ಸಿಗಬೇಕೆಂಬುದು ನಿಯಮ. ಸರಳ ಸಿಮ್ಯುಲೇಟರ್ ಇಂಥದೊಂದು ಗೆರೆ ಹಾಕಿಕೊಂಡು ಒಳಗೆ ಪರಿಶುದ್ಧ ಸಿಗ್ನಲ್ ಕೊಡುತ್ತದೆ, ಹೊರಗೆ ಬಾವುಟ ತೋರಿಸುತ್ತದೆ. ನಿಜವಾದ ಅಲೆ ಇಷ್ಟು ಸಾಧುವಲ್ಲ. ಗುಡ್ಡಕ್ಕೆ, ಹ್ಯಾಂಗರಿಗೆ ಬಡಿದು ಬಾಗುತ್ತದೆ. 3 ಡಿಗ್ರಿಯ ಮೇಲೆ, ಸುಮಾರು 9 ಡಿಗ್ರಿಯಲ್ಲಿ, ಸುಳ್ಳು ಇಳಿಜಾರನ್ನೂ ತೋರಿಸುತ್ತದೆ.

1980ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಸಿಮ್ಯುಲೇಟರ್ ತರಬೇತಿಗೆ ಹೆಚ್ಚಿನ ಮಾನ್ಯತೆ ಕೊಡುವ ಯೋಜನೆ ತಂದಿತು. ಇಂಥ ತರಬೇತಿಯಲ್ಲಿ ಶಿಕ್ಷಕನ ಪರದೆಯ ಮೇಲೆ ವೈಫಲ್ಯಗಳ ಉದ್ದನೆಯ ಪಟ್ಟಿಯೇ ಇರುತ್ತದೆ. ‘ಗ್ಲೈಡ್ ಸ್ಲೋಪ್ ಫೇಲ್’ ಒತ್ತಿದರೆ ಬಾವುಟ ಬೀಳುತ್ತದೆ, ಶಿಷ್ಯ ಗೋ-ಅರೌಂಡ್ ಮಾಡುತ್ತಾನೆ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುತ್ತಾನೆ. ಆದರೆ ಹೊರಗಿನ ಲೋಕ ಪಟ್ಟಿ ನೋಡಿ ಕೆಡುವುದಿಲ್ಲ. 1997ರ ಆಗಸ್ಟ್ 6ರಂದು ಗುವಾಮ್‌ನಲ್ಲಿ ಗ್ಲೈಡ್ ಸ್ಲೋಪ್ ಸೇವೆಯಲ್ಲಿರಲಿಲ್ಲ. ಇಲ್ಲವೆಂಬುದನ್ನು ತಿಳಿಸಿದ್ದರೂ ಅದು ಕೆಲಸ ಮಾಡುತ್ತಿದೆಯೇ ಎಂಬ ಗೊಂದಲ ಕಾಕ್‌ಪಿಟ್‌ನಲ್ಲಿ ಉಳಿಯಿತು. ಕೊರಿಯನ್ ಏರ್ 801 ವಿಮಾನ ಗುಡ್ಡಕ್ಕೆ ಬಡಿದು 254 ಜನರಲ್ಲಿ 228 ಮಂದಿ ಸತ್ತರು. ತನಿಖೆ ಎತ್ತಿ ತೋರಿಸಿದ ಕಾರಣಗಳಲ್ಲಿ ಸಿಬ್ಬಂದಿಯ ತರಬೇತಿಯ ಕೊರತೆಯೂ ಒಂದು.

ಇದಕ್ಕಿಂತ ಕಲಿಸುವಂಥದ್ದು, ಈ ಲೇಖಕರ ಮಟ್ಟಿಗೆ, 2000ದ ಜುಲೈ 29ರ ಘಟನೆ. ಸಮೋವಾದ ಆಪಿಯಾಕ್ಕೆ ರಾತ್ರಿ ಇಳಿಯುತ್ತಿದ್ದ ಏರ್ ನ್ಯೂಜಿಲೆಂಡ್ 60 ವಿಮಾನದ ಇಳಿಜಾರಿನ ಮುಳ್ಳು ನಟ್ಟನಡುವೆ ಇತ್ತು, ಬಾವುಟವೂ ಇರಲಿಲ್ಲ. ನೆಲದ ಟ್ರಾನ್ಸ್‌ಮಿಟರ್ ದೋಷದಲ್ಲಿ ಎಡ-ಬಲಕ್ಕೆ ತೊಂದರೆಯಿರಲಿಲ್ಲ, ಇಳಿಜಾರಿನ ಮಾಹಿತಿ ಮಾತ್ರ ಮಾಯ. ವಿಮಾನ ಎಲ್ಲಿ ಹೋದರೂ ಮುಳ್ಳು ‘ಸರಿ’ ಎನ್ನುತ್ತಿತ್ತು. ದೀಪಗಳು ಇರಬೇಕಾದಲ್ಲಿ ಇಲ್ಲ, ದೂರಕ್ಕೂ ಎತ್ತರಕ್ಕೂ ತಾಳೆಯಿಲ್ಲ ಎಂದು ಸಿಬ್ಬಂದಿಗೆ ಹೊಳೆದಾಗ ವಿಮಾನ ರನ್‌ವೇಗೆ ಮೈಲಿಗಳ ಮೊದಲೇ ಸಮುದ್ರದ ಸಮೀಪಕ್ಕೆ ಇಳಿದಿತ್ತು. ಮೇಲೇರಿ, ಮತ್ತೆ ಪ್ರಯತ್ನಿಸಿ, ಎಲ್ಲರೂ ಸುರಕ್ಷಿತವಾಗಿ ಇಳಿದರು. ಸಂಸ್ಥೆ ಅದನ್ನು ಮುಚ್ಚಿಡದೆ ತರಬೇತಿ ಚಿತ್ರವನ್ನೇ ಮಾಡಿತು. ಬಾವುಟ ಬೀಳಿಸುವ ಗುಂಡಿ ಈ ಪಾಠ ಹೇಳಿಕೊಡುತ್ತಿರಲಿಲ್ಲ.

2011ರ ನವೆಂಬರ್ 3ರಂದು ಮ್ಯೂನಿಕ್‌ನಲ್ಲಿ ಹೊರಡುತ್ತಿದ್ದ ಒಂದು ವಿಮಾನ ಲೋಕಲೈಸರ್ ಅಲೆಗೆ ಅಡ್ಡ ಬಂದು, ತಾನಾಗಿ ಇಳಿಯುತ್ತಿದ್ದ ಸಿಂಗಾಪುರ ಏರ್‌ಲೈನ್ಸ್‌ನ ಬೋಯಿಂಗ್ 777 ರನ್‌ವೇ ಬಿಟ್ಟು ಹುಲ್ಲಿಗಿಳಿಯಿತು. ದಟ್ಟ ಮಂಜಿನ ಇಳಿತಕ್ಕೆ ಬೇಕಾದ ಕ್ಯಾಟ್-3 ದರ್ಜೆಯಲ್ಲಿ ಆಂಟೆನಾದ ಮುಂದಿನ ಜಾಗವನ್ನು ಕಾಯ್ದುಕೊಳ್ಳುವುದು ಇದಕ್ಕೇ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ದಕ್ಷಿಣ ರನ್‌ವೇಗೂ ಈಗ ಈ ದರ್ಜೆಯಿದೆ. ಇಂಥ ಇಳಿತದ ಕೊನೆಯ ನೂರು ಅಡಿಯಲ್ಲಿ ಸಿಗ್ನಲ್ ಹೋಗುವುದನ್ನು ನಿಜ ವಿಮಾನದಲ್ಲಿ ಅಭ್ಯಾಸ ಮಾಡಲಾಗದು, ಸಿಮ್ಯುಲೇಟರೇ ಗತಿ.

ಮನೆಯ ಕಂಪ್ಯೂಟರಿನ ಕಥೆ ಬೇರೆ. ಬ್ರೂಸ್ ಆರ್ಟ್‌ವಿಕ್ ರಚಿಸಿದ ಫ್ಲೈಟ್ ಸಿಮ್ಯುಲೇಟರನ್ನು ಮೈಕ್ರೋಸಾಫ್ಟ್ 1982ರಲ್ಲಿ ಹೊರತಂದಿತು. ಎಕ್ಸ್-ಪ್ಲೇನ್ 1995ರಲ್ಲಿ ಬಂತು. ಇಲ್ಲಿ ಸಿಗ್ನಲ್ ಹೋಗುವುದು ಹೆಚ್ಚಾಗಿ ದತ್ತಾಂಶ ಹಳಸಿದ್ದರಿಂದ. ವಿಮಾನಯಾನದ ಮಾಹಿತಿ 28 ದಿನಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ, ಪೆಟ್ಟಿಗೆಯೊಳಗಿನ ತಂತ್ರಾಂಶ ಹೊರಬಂದ ದಿನದಲ್ಲೇ ನಿಂತಿರುತ್ತದೆ. ಇವತ್ತಿನ ನಕ್ಷೆ ನೋಡಿ ತರಂಗ ಹೊಂದಿಸಿದರೆ ಮೌನ. ರನ್‌ವೇಯ ಎರಡೂ ತುದಿಗೆ ಒಂದೇ ತರಂಗವಿರುವ ನಿಲ್ದಾಣಗಳಲ್ಲಿ ಕೆಲವು ಸಿಮ್ಯುಲೇಟರ್‌ಗಳು ಗಾಳಿ ನೋಡಿ ಒಂದನ್ನಷ್ಟೇ ಚಾಲೂ ಇಡುತ್ತವೆ. ಇಳಿತದ ಮಧ್ಯೆ ಗಾಳಿ ತಿರುಗಿದರೆ ಮುಳ್ಳು ಸಾಯಬಹುದು. ಹಳಬರು ಇದಕ್ಕೆ ಹೇಳುವ ಉಪಾಯ ಲಿಂಕ್ ಕಾಲದ್ದೇ: ಗುರುತಿನ ಸ್ವರದ ಗುಂಡಿ ಒತ್ತಿ ಕಿವಿಗೊಡಿ, ಆ ಐಎಲ್‌ಎಸ್‌ನ ಮೋರ್ಸ್ ಅಕ್ಷರಗಳು ಕೇಳುವ ತನಕ ಮುಳ್ಳಿನತ್ತ ನೋಡಬೇಡಿ.