ಕೆಂಪೇಗೌಡ ವಿಮಾನ ನಿಲ್ದಾಣ–ಮೈಸೂರು ಸಾರಿಗೆ

ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿದವರು ಮೈಸೂರು ಸೇರಲು ಬಳಸುವ ಬಸ್ಸು ಮತ್ತು ರೈಲುಗಳ ವ್ಯವಸ್ಥೆ. ದೂರ ಸುಮಾರು 180 ಕಿ.ಮೀ. ನೇರ ಬಸ್ಸಿದೆ, ನೇರ ರೈಲಿಲ್ಲ. ವಿಮಾನ ನಿಲ್ದಾಣ ಬೆಂಗಳೂರಿನ ಉತ್ತರಕ್ಕಿದ್ದರೆ ಮೈಸೂರು ನೈರುತ್ಯಕ್ಕಿದೆ. ಹಾಗಾಗಿ ಯಾವ ದಾರಿ ಹಿಡಿದರೂ ಮಹಾನಗರವನ್ನು ದಾಟಲೇಬೇಕು, ಇಲ್ಲವೇ ಬಳಸಿ ಹೋಗಬೇಕು. ಊರು ಬಿಟ್ಟ ಮೇಲಿನ ಹಾದಿ ಈಗ ಸಲೀಸು. ಸಮಯ ನುಂಗುವುದು ಊರೊಳಗಿನ ಹಾದಿ.

ಮೈಸೂರಿಗೆ ತನ್ನದೇ ವಿಮಾನ ನಿಲ್ದಾಣ ಇಲ್ಲದಿಲ್ಲ. ಮಂಡಕಳ್ಳಿಯ ನಿಲ್ದಾಣ ಹೊಸ ರೂಪದಲ್ಲಿ 2010ರಲ್ಲಿ ಉದ್ಘಾಟನೆಯಾಯಿತು. ಆದರೆ ಅದರ ರನ್‌ವೇ 1,740 ಮೀಟರ್ ಮಾತ್ರ. ಎಟಿಆರ್‌ನಂತಹ ಸಣ್ಣ ವಿಮಾನಗಳಿಗೆ ಅಷ್ಟು ಸಾಕು, ದೊಡ್ಡ ಜೆಟ್‌ಗಳಿಗೆ ಸಾಲದು. ರನ್‌ವೇ ಉದ್ದ ಮಾಡೋಣವೆಂದರೆ ನಂಜನಗೂಡಿನ ಹೆದ್ದಾರಿಯೂ ರೈಲು ಹಳಿಯೂ ಅಡ್ಡ ಬರುತ್ತವೆ. ಹೀಗಾಗಿ ದುಬೈ, ಸಿಂಗಪುರ, ಲಂಡನ್‌ನಿಂದ ಊರಿಗೆ ಬರುವ ಮೈಸೂರು, ಮಂಡ್ಯ, ಕೊಡಗಿನವರಿಗೆ ಬಹುಮಟ್ಟಿಗೆ ದೇವನಹಳ್ಳಿಯೇ ಹೆಬ್ಬಾಗಿಲು. 2008ರ ಮೇ ತಿಂಗಳವರೆಗೆ ವಿಮಾನಗಳು ಬೆಂಗಳೂರು ನಗರದೊಳಗಿನ ಎಚ್‌ಎಎಲ್ ನಿಲ್ದಾಣಕ್ಕೆ ಬರುತ್ತಿದ್ದವು. ಹೊಸ ನಿಲ್ದಾಣ ಆರಂಭವಾದಾಗ ಬೆಂಗಳೂರಿನವರು ದೂರವಾಯಿತೆಂದು ಗೊಣಗಿದರು. ಮೈಸೂರಿನವರ ಪಾಲಿಗೆ ಇಡೀ ಬೆಂಗಳೂರೇ ನಡುವೆ ಬಂದು ಕೂತಿತು. ಆ ಗೊಣಗು ಮಾತ್ರ ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ.

ಈ ತೊಡಕಿಗೆ ಸಾರಿಗೆ ಸಂಸ್ಥೆ ಕಂಡುಕೊಂಡ ಉತ್ತರ ಫ್ಲೈಬಸ್. ಕೆಎಸ್‌ಆರ್‌ಟಿಸಿ 2013ರಲ್ಲಿ ಮೈಸೂರಿಗೆ ಆರಂಭಿಸಿದ ಈ ಸೇವೆಯಲ್ಲಿ ಓಡುವುದು ಹವಾನಿಯಂತ್ರಿತ ಮಲ್ಟಿ ಆಕ್ಸಲ್ ವೋಲ್ವೊ. ಟರ್ಮಿನಲ್ ಎದುರೇ ಹತ್ತಿ ಮೈಸೂರಿನಲ್ಲಿ ಇಳಿಯಬಹುದು. ನಡುವೆ ಬಸ್ಸು ಬದಲಿಸಬೇಕಿಲ್ಲ. ನಿಲ್ದಾಣದತ್ತ ಹೋಗುವ ಪ್ರಯಾಣಿಕರಿಗಾಗಿ ವಿಮಾನಗಳ ಆಗಮನ–ನಿರ್ಗಮನದ ವೇಳೆ ತೋರಿಸುವ ಪರದೆಯನ್ನೂ ಬಸ್ಸಿನೊಳಗೆ ಅಳವಡಿಸಲಾಯಿತು. ಮುಂದೆ ಇದೇ ಹೆಸರಿನಲ್ಲಿ ಮಡಿಕೇರಿ, ಕುಂದಾಪುರ ಮೊದಲಾದ ಊರುಗಳಿಗೂ ಬಸ್ಸು ಬಿಡಲಾಯಿತು.

ಫ್ಲೈಬಸ್ಸಿನ ನಿಜವಾದ ಅನುಕೂಲ ಅದರ ಮೆತ್ತನೆ ಸೀಟಲ್ಲ, ಡಿಕ್ಕಿ. ಹೊರದೇಶದಿಂದ ಬಂದವರ ಹತ್ತಿರ ತಲೆಗೆರಡು ದೊಡ್ಡ ಸೂಟ್‌ಕೇಸ್, ಹಗ್ಗ ಸುತ್ತಿದ ರಟ್ಟಿನ ಪೆಟ್ಟಿಗೆ, ಮಗುವಿನ ತಳ್ಳುಗಾಡಿ ಇದ್ದದ್ದೇ. ಬಸ್ಸಿನ ಪಕ್ಕದ ಬಾಗಿಲೆತ್ತಿ ಅವನ್ನೆಲ್ಲ ಒಳಗೆ ತಳ್ಳುವಾಗ ದಾರಿಯಲ್ಲಿ ಇಳಿಯುವವರ ಸಾಮಾನು ಮುಂದೆ, ಮೈಸೂರಿನದು ಒಳಗೆ ಎಂಬ ಲೆಕ್ಕಾಚಾರ ನಡೆಯುತ್ತದೆ. ಈ ಹೊರೆಯನ್ನು ಸಿಟಿ ಬಸ್ಸು, ಮೆಟ್ರೊ ಮೆಟ್ಟಿಲು, ರೈಲಿನ ಬಾಗಿಲು ಹೀಗೆ ಮೂರು ಕಡೆ ಹತ್ತಿಸಿ ಇಳಿಸುವುದನ್ನು ನೆನೆದರೆ ದರ ಹೆಚ್ಚೆಂಬ ದೂರು ಅರ್ಧ ತಣ್ಣಗಾಗುತ್ತದೆ. ಪ್ರಯಾಣಕ್ಕೆ ಸಾಮಾನ್ಯವಾಗಿ ನಾಲ್ಕು ಗಂಟೆ ಹಿಡಿಯುತ್ತದೆ. ಸಂಜೆಯ ದಟ್ಟಣೆಗೆ ಸಿಕ್ಕಿದರೆ ಅದಕ್ಕೂ ಹೆಚ್ಚು. ಸಂಸ್ಥೆಯ ‘ಅವತಾರ್’ ವ್ಯವಸ್ಥೆಯಲ್ಲಿ ಸೀಟನ್ನು ಮುಂಗಡವಾಗಿ ಕಾಯ್ದಿರಿಸಬಹುದು. ವಿಮಾನ ತಡವಾದರೆ ಬಸ್ಸು ಕಾಯುವುದಿಲ್ಲ ಎಂಬುದನ್ನು ಕಾಯ್ದಿರಿಸುವ ಮೊದಲೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ಲಗೇಜಿಗೂ ಇಮಿಗ್ರೇಷನ್ ಸಾಲಿಗೂ ಸೇರಿ ಒಂದೂವರೆ ಗಂಟೆ ಬಿಟ್ಟುಕೊಂಡವರು ನೆಮ್ಮದಿಯಾಗಿರುತ್ತಾರೆ.

2023ರ ಸೆಪ್ಟೆಂಬರ್‌ನಿಂದ ಅಂತಾರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಬರುತ್ತವೆ. ದೇಶೀಯ ವಿಮಾನಗಳು ಎರಡು ಟರ್ಮಿನಲ್‌ಗಳಲ್ಲೂ ಹಂಚಿಹೋಗಿವೆ. ಹಾಗಾಗಿ ಬಸ್ಸು ಎಲ್ಲಿ ಹತ್ತಬೇಕೆಂದು ಟಿಕೆಟಿನಲ್ಲಿ ನೋಡಿಕೊಳ್ಳಬೇಕು. ಟರ್ಮಿನಲ್‌ಗಳ ನಡುವೆ ಉಚಿತ ಶಟಲ್ ಬಸ್ಸಿದೆ. ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಿಂದ ಉಚಿತ ಪ್ರಯಾಣ ಕೊಟ್ಟ ಶಕ್ತಿ ಯೋಜನೆ ಐಷಾರಾಮಿ ಮತ್ತು ಹವಾನಿಯಂತ್ರಿತ ಬಸ್ಸುಗಳಿಗೆ ಅನ್ವಯಿಸದು. ಫ್ಲೈಬಸ್ಸಿಗೆ ಎಲ್ಲರೂ ಟಿಕೆಟ್ ಕೊಳ್ಳಲೇಬೇಕು.

ನೇರ ಬಸ್ಸು ತಪ್ಪಿದವರಿಗೆ, ಕಾಸು ಉಳಿಸಬೇಕಾದವರಿಗೆ ಎರಡನೆಯ ದಾರಿ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಮೂಲಕ. ಬಿಎಂಟಿಸಿಯ ವಾಯು ವಜ್ರ ಬಸ್ಸುಗಳು ವಿಮಾನ ನಿಲ್ದಾಣದ ಜೊತೆಜೊತೆಗೇ 2008ರಲ್ಲಿ ಶುರುವಾದವು. ಇವುಗಳಲ್ಲಿ ಕೆಐಎ-9 ಸಂಖ್ಯೆಯದು ಹೆಬ್ಬಾಳದ ಮೇಲೆ ಮೆಜೆಸ್ಟಿಕ್‌ಗೆ ಬರುತ್ತದೆ. ಅಲ್ಲಿಂದ ರಸ್ತೆ ದಾಟಿದರೆ ಕೆಎಸ್‌ಆರ್ ಬೆಂಗಳೂರು ರೈಲು ನಿಲ್ದಾಣ. ಹೊಸಬರು ಎಡವುವುದು ಬಸ್ಸಿನ ವಿಷಯದಲ್ಲಿ: ಮೈಸೂರು ಕಡೆಯ ಸಾರಿಗೆ ಬಸ್ಸುಗಳಲ್ಲಿ ಹೆಚ್ಚಿನವು ಹೊರಡುವುದು ಮೆಜೆಸ್ಟಿಕ್‌ನಿಂದಲ್ಲ, ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ. ನೇರಳೆ ಮಾರ್ಗದ ಮೆಟ್ರೊ ಹತ್ತಿ ದೀಪಾಂಜಲಿ ನಗರದಲ್ಲಿ ಇಳಿದರೆ ಅದು ಹತ್ತಿರ.

ರೈಲಿನ ಕಥೆ ಸ್ವಲ್ಪ ವಿಚಿತ್ರ. ವಿಮಾನ ನಿಲ್ದಾಣದ ಆವರಣದ ಅಂಚಿನಲ್ಲೇ ಯಲಹಂಕ–ಚಿಕ್ಕಬಳ್ಳಾಪುರ ಹಳಿ ಹಾದುಹೋಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ನ್ಯಾರೋಗೇಜ್ ಆಗಿದ್ದ ಈ ಮಾರ್ಗದಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿಯ ಹಳೆಯ ಸ್ಟೇಷನ್ ಕಟ್ಟಡಗಳು ಇಂದಿಗೂ ಉಳಿದಿವೆ. ವಿಮಾನ ನಿಲ್ದಾಣ ತೆರೆದು ಹನ್ನೆರಡು ವರ್ಷ ಕಳೆದ ಮೇಲೆ, 2021ರ ಜನವರಿ 4ರಂದು, ದೊಡ್ಡಜಾಲ ಮತ್ತು ದೇವನಹಳ್ಳಿ ನಡುವೆ ಒಂದು ಹಾಲ್ಟ್ ಸ್ಟೇಷನ್ ಬಳಕೆಗೆ ಬಂತು. ಅಲ್ಲಿಂದ ಟರ್ಮಿನಲ್‌ಗೆ ಶಟಲ್ ಬಸ್ಸಿನ ವ್ಯವಸ್ಥೆಯಾಯಿತು. ಟಿಕೆಟ್ ದರ ಕಾಫಿಯ ಬೆಲೆಗಿಂತ ಕಡಿಮೆ. ಆದರೂ ಜನ ಹೆಚ್ಚಾಗಿ ಹತ್ತಲಿಲ್ಲ. ದಿನಕ್ಕೆ ಬೆರಳೆಣಿಕೆಯ ಪ್ಯಾಸೆಂಜರ್ ರೈಲುಗಳು. ಅವುಗಳ ವೇಳೆ ವಿಮಾನಗಳ ವೇಳೆಗೆ ಹೊಂದುವುದಿಲ್ಲ. ಆರಂಭದಲ್ಲಿ ಭಾನುವಾರ ಓಡಾಟವೇ ಇರಲಿಲ್ಲ. ಮೈಸೂರಿಗೆ ಹೋಗುವವರು ಇದನ್ನು ನಂಬಿ ಹೊರಟರೆ ಕೆಎಸ್‌ಆರ್ ನಿಲ್ದಾಣದಲ್ಲೋ ಯಲಹಂಕದಲ್ಲೋ ರೈಲು ಬದಲಿಸಬೇಕು. ಹಗುರ ಚೀಲದ, ಬಿಡುವಿರುವ ಪ್ರಯಾಣಿಕರಿಗಷ್ಟೇ ಇದು ಸೂಕ್ತ.

ಕೆಎಸ್‌ಆರ್ ನಿಲ್ದಾಣ ತಲುಪಿದ ಮೇಲೆ ಮಾತ್ರ ರೈಲಿಗೆ ಸಾಟಿಯಿಲ್ಲ. ಬೆಂಗಳೂರು–ಮೈಸೂರು ಮಾರ್ಗ ಸುಮಾರು 138 ಕಿ.ಮೀ. 1880ರ ದಶಕದ ಆರಂಭದಲ್ಲಿ ಮೀಟರ್‌ಗೇಜ್ ಆಗಿ ಶುರುವಾದದ್ದು ಈಗ ವಿದ್ಯುದೀಕರಣಗೊಂಡ ಜೋಡಿ ಹಳಿ. ಒಡೆಯರ್ (ಮೊದಲು ಟಿಪ್ಪು), ಚಾಮುಂಡಿ, ಶತಾಬ್ದಿ ರೈಲುಗಳಲ್ಲದೆ ಚೆನ್ನೈ–ಮೈಸೂರು ವಂದೇ ಭಾರತ್ ಕೂಡ ಇಲ್ಲಿ ಓಡುತ್ತದೆ. ಪ್ರಧಾನಿ ಅದಕ್ಕೆ ಹಸಿರು ನಿಶಾನೆ ತೋರಿದ ದಿನವೇ, 2022ರ ನವೆಂಬರ್ 11ರಂದು, ಎರಡನೇ ಟರ್ಮಿನಲ್ಲನ್ನೂ ಉದ್ಘಾಟಿಸಿದರು. ಒಂದೇ ಹಗಲಿನಲ್ಲಿ ಉದ್ಘಾಟನೆಗೊಂಡ ಇವೆರಡರ ನಡುವೆ ಕೊಂಡಿ ಮಾತ್ರ ಇಲ್ಲ. ವೇಗದ ರೈಲು ಸುಮಾರು ಎರಡು ಗಂಟೆಯಲ್ಲಿ, ಉಳಿದವು ಎರಡೂವರೆಯಿಂದ ಮೂರು ಗಂಟೆಯಲ್ಲಿ ಮೈಸೂರು ಸೇರುತ್ತವೆ.

ರಸ್ತೆಯ ಲೆಕ್ಕ ಬದಲಾದದ್ದು ಬೆಂಗಳೂರು–ಮೈಸೂರು ದಶಪಥದಿಂದ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಇದು ಸುಮಾರು 118 ಕಿ.ಮೀ. ಉದ್ದವಿದೆ. ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್‌ಗಳು ಪಕ್ಕಕ್ಕೆ ಬಿಡುತ್ತವೆ. ಮದ್ದೂರಿನಲ್ಲಿ ಮೇಲ್ಸೇತುವೆ ಊರಿನ ನೆತ್ತಿಯ ಮೇಲೆಯೇ ಹಾಯುತ್ತದೆ. ಬಸ್ಸಿಗೆ ಸಮಯ ಉಳಿಯಿತು, ದಾರಿ ಬದಿಯ ಹೋಟೆಲುಗಳಿಗೂ ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೂ ಗಿರಾಕಿ ತಪ್ಪಿದರು. ಬಿಸಿ ಮದ್ದೂರು ವಡೆ ಬೇಕೆನ್ನುವವರಿಗೆ ಈಗ ರೈಲೇ ವಾಸಿ: ಬೋಗಿಯೊಳಗೆ ಬುಟ್ಟಿ ಹೊತ್ತವರು ‘ವಡೆ, ವಡೆ, ಮದ್ದೂರ್ ವಡೆ’ ಎಂದು ಕೂಗುತ್ತ ಬಂದು, ಪೇಪರಿನಲ್ಲಿ ಸುತ್ತಿ, ಚಟ್ನಿಯ ಜೊತೆ ಕೈಗಿಡುತ್ತಾರೆ.

ಮೈಸೂರಿನಲ್ಲಿ ದೂರದೂರಿನ ಬಸ್ಸುಗಳು ಬಂದು ನಿಲ್ಲುವುದು ಸಬರ್ಬನ್ ನಿಲ್ದಾಣದಲ್ಲಿ. ನಗರ ಸಾರಿಗೆಯ ಸಿಟಿ ಬಸ್ ನಿಲ್ದಾಣ ಬೇರೆಯೇ, ಅರಮನೆಯ ಮಗ್ಗುಲಲ್ಲಿ, ಕೆ.ಆರ್. ವೃತ್ತದ ಹತ್ತಿರ ಇದೆ. ಎರಡೂ ಒಂದೇ ಎಂದುಕೊಂಡು ತಡಕಾಡುವವರು ಈಗಲೂ ಇದ್ದಾರೆ.

ವಿಮಾನ ನಿಲ್ದಾಣಕ್ಕೆ ನಮ್ಮ ಮೆಟ್ರೊದ ನೀಲಿ ಮಾರ್ಗ ಬರಲಿದೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳದ ಮೂಲಕ ಸುಮಾರು 58 ಕಿ.ಮೀ. ಸಾಗುವ ಈ ಯೋಜನೆಗೆ ಕೇಂದ್ರ ಸಂಪುಟ 2021ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಈ ಮಾರ್ಗ ಮೆಜೆಸ್ಟಿಕ್‌ಗೆ ಹೋಗುವುದಿಲ್ಲ. ಮೈಸೂರು ರೈಲು ಹಿಡಿಯುವವರು ಆಗಲೂ ನಡುವೆ ಇಳಿದು ಬೇರೆ ಮಾರ್ಗದ ಮೆಟ್ರೊ ಹತ್ತಬೇಕಾಗುತ್ತದೆ.